ಗಾದಿಯಲ್ಲಿ ಸಿಗದ ಗಂಟು

ಉಗುಳು ನುಂಗುವುದೂ ಒಂದು ಕೆಲಸ ಎಂದು ನನಗೆ ಗೊತ್ತಾದದ್ದು ಹೋದ ವರ್ಷ. ಅಲ್ಲಿಯವರೆಗೆ ಅದು ತನ್ನಷ್ಟಕ್ಕೆ ತಾನೇ ಆಗುತ್ತಿತ್ತು. ಒಂದು ಬೆಳಿಗ್ಗೆ ಜಗಳೂರಿನ ನಮ್ಮ ಗಾದಿ ಅಂಗಡಿಯ ಬಾಗಿಲು ತೆಗೆದು ಟೀ ಕುಡಿಯುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಯಿತು. ಹತ್ತಿಯ ಎಳೆ ಇರಬೇಕೆಂದು ಕೆಮ್ಮಿದೆ, ಕ್ಯಾಕರಿಸಿದೆ, ಚೊಂಬುಗಟ್ಟಲೆ ನೀರು ಕುಡಿದೆ. ಅದು ಕದಲಲಿಲ್ಲ. ಸಂಜೆಗೆ ಕಡಲೆಬೀಜದಷ್ಟು ಅನ್ನಿಸಿತು. ವಾರ ಕಳೆಯುವಷ್ಟರಲ್ಲಿ ನನ್ನ ತಲೆಯಲ್ಲಿ ಬೇರೇನೂ ಉಳಿದಿರಲಿಲ್ಲ.

ನಾವು ಹತ್ತಿ ಹಿಂಜುವವರು. ನಮಾಜು ಅರಬ್ಬಿಯಲ್ಲಿ, ಉಳಿದದ್ದೆಲ್ಲ, ಜಗಳವೂ ಸೇರಿ, ಕನ್ನಡದಲ್ಲಿ. ಅಪ್ಪ ಇದೇ ಅಂಗಡಿಯಲ್ಲಿ ಕೂತು ಸುತ್ತಲಿನ ಊರುಗಳ ಮದುವೆ ಗಾದಿಗಳನ್ನೆಲ್ಲ ಹೊಲಿದವನು. ಅವನು ಹೋದದ್ದು ಗಂಟಲಿನ ಕ್ಯಾನ್ಸರಿನಿಂದ. ಕೊನೆಗೆ ಗಂಜಿಯೂ ಇಳಿಯುತ್ತಿರಲಿಲ್ಲ. ಚಮಚ ಹಿಡಿದು ಪಕ್ಕದಲ್ಲಿ ಕೂತಿದ್ದವನು ನಾನೇ. ಆಗ ಅವನಿಗಿದ್ದ ವಯಸ್ಸು ಈಗ ನನಗೆ. ಇದನ್ನು ನಾನು ಯಾರ ಹತ್ತಿರವೂ ಆಡಲಿಲ್ಲ. ಹೆಂಡತಿಗೂ "ಗಂಟಲು ಸರಿ ಇಲ್ಲ" ಅಂದೆನೇ ಹೊರತು ಅಪ್ಪನ ಮಾತೆತ್ತಲಿಲ್ಲ. ಬಾಯಿಬಿಟ್ಟರೆ ಅದು ನಿಜವೇ ಆಗಿಬಿಡುತ್ತದೆಂಬ ಭಯ.

ಅಂಗಡಿಯ ಕನ್ನಡಿಯ ಮುಂದೆ ಬಾಯಿ ತೆರೆದು ಮೊಬೈಲ್ ಟಾರ್ಚ್ ಬಿಟ್ಟು ನೋಡಿಕೊಳ್ಳುವುದು ಚಟವಾಯಿತು. ಗಿರಾಕಿ ಬಂದರೆ ಹಲ್ಲುನೋವು ಅನ್ನುತ್ತಿದ್ದೆ. ರೊಟ್ಟಿ ಬಿಟ್ಟೆ. ಮುದ್ದೆಯನ್ನು ಅಗಿದು ತಿನ್ನುವವರನ್ನು ನೀವು ನೋಡಿದ್ದೀರಾ? ನಾನು ಅಗಿಯುತ್ತಿದ್ದೆ. ಆಮೇಲೆ ಅದೂ ಬೇಡವಾಗಿ ಗಂಜಿಗೆ ಬಂದೆ. ಗಂಜಿಯ ಬಟ್ಟಲು ಕಂಡಾಗ ಅಪ್ಪ ನೆನಪಾಗುತ್ತಿದ್ದ, ಅವನು ನೆನಪಾದರೆ ಗಂಜಿಯೂ ನಿಲ್ಲುತ್ತಿತ್ತು.

ಹೆಂಡತಿಯೊಡನೆ ದಾವಣಗೆರೆಗೆ ಹೋದೆ. ಡಾಕ್ಟರೊಬ್ಬರು ಮೂಗಿನಿಂದ ಕ್ಯಾಮೆರಾ ಇಳಿಸಿ ನೋಡಿದರು. "ಒಳಗೆ ಏನೂ ಇಲ್ರಿ. ಗಾಬರಿಗೂ ಗಂಟಲು ಹಿಂಗೆ ಹಿಡ್ಕೊಳ್ತೈತೆ. ಮನಸ್ಸಿನ ಡಾಕ್ಟರನ್ನ ಒಂದ್ಸಲ ನೋಡ್ರಿ" ಅಂದರು. ಆ ಸಂತೋಷ ಬಸ್‌ಸ್ಟ್ಯಾಂಡಿನವರೆಗೂ ಬಾಳಲಿಲ್ಲ. ಕ್ಯಾಮೆರಾ ಸರಿಯಾದ ಜಾಗಕ್ಕೆ ಹೋಯಿತೋ ಇಲ್ಲವೋ ಎಂಬ ಹುಳ ತಲೆಗೆ ಹೊಕ್ಕಿತು. ಇನ್ನೊಬ್ಬರಿಗೆ ತೋರಿಸಿದೆ. ಅವರೂ ಏನೂ ಇಲ್ಲ ಅಂದರು. ಏನೂ ಇಲ್ಲ ಎಂಬ ಮಾತಿಗೆ ಇಷ್ಟೊಂದು ಸಿಟ್ಟು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಹಾಗಾದರೆ ನಾನೇನು ನಾಟಕ ಆಡುತ್ತಿದ್ದೇನಾ? ಮನಸ್ಸಿನ ಡಾಕ್ಟರ ಹತ್ತಿರ ಹೋಗಲು ನನಗೇನು ಹುಚ್ಚೇ?

ಹೀಗೆ ಹಲ್ಲು ಕಚ್ಚಿಕೊಂಡು ಕೂತಿದ್ದ ದಿನಗಳಲ್ಲೇ ಪಕ್ಕದ ಹಳ್ಳಿಯ ಅಜ್ಜಿಯೊಬ್ಬಳು ಆಟೋದಲ್ಲಿ ಗಾದಿ ಹೇರಿಕೊಂಡು ಬಂದಳು. ನಾನೇ ಆ ವರ್ಷ ಹೊಲಿದುಕೊಟ್ಟ ಗಾದಿ.

"ತಮ್ಮಾ, ಇದ್ರಾಗೆ ಗಂಟೈತೆ. ಬೆನ್ನಿಗೆ ಒತ್ತತೈತೆ, ಮಲಗಾಕೆ ಆಗಲ್ಲ."

ಅಂಗೈ ಊರಿ ಉದ್ದಕ್ಕೂ ಒತ್ತಿ ನೋಡಿದೆ. ಗಂಟು ಇರಲಿಲ್ಲ. "ಏನೂ ಇಲ್ಲಜ್ಜೀ" ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಅಪ್ಪನ ಅಂಗಡಿಯಲ್ಲಿ ಆ ಮಾತು ನಿಷಿದ್ಧ. ಗಂಟಿದೆ ಅಂದವರ ಗಾದಿಯನ್ನು ಅವರ ಕಣ್ಣೆದುರೇ ಬಿಚ್ಚಬೇಕು, ಹತ್ತಿ ಹಿಂಜಬೇಕು, ಮತ್ತೆ ತುಂಬಿ ಹೊಲಿಯಬೇಕು. "ಮಲಗೋರು ಅವ್ರು ಕಣ್ಲೇ, ನೀನಲ್ಲ" ಅನ್ನುತ್ತಿದ್ದ.

ಬಿಚ್ಚಿದೆ. ಅಜ್ಜಿ ಕಟ್ಟೆಯ ಮೇಲೆ ಕೂತು, ಹಿಂಜಿದ ಹತ್ತಿಯನ್ನು ಹಿಡಿಹಿಡಿಯಾಗಿ ಮುಟ್ಟಿ ನೋಡಿದಳು. ಎಲ್ಲವನ್ನೂ ತುಂಬಿ ನಾನು ದಬ್ಬಳಕ್ಕೆ ದಾರ ಪೋಣಿಸುವಾಗ ಮೆಲ್ಲಗೆ ಅಂದಳು:

"ಏನೂ ಇರಾಕಿಲ್ಲ ಅಂತ ನಂಗೆ ಗೊತ್ತಿತ್ತಪ್ಪ. ಯಜಮಾನ್ರು ಹೋದ ಮ್ಯಾಲೆ ಒಬ್ಬಾಕಿನೇ ಮಲಗಾಕೆ ಹೆದ್ರಿಕೆ. ಈ ವಯಸ್ಸಿಗೆ ಹೆದ್ರಿಕೆ ಅಂದ್ರೆ ಸೊಸೆಯಂದ್ರು ನಗ್ತಾರೆ. ಗಾದಿ ಸರಿ ಇಲ್ಲ ಅಂದ್ರೆ ಯಾರೂ ನಗಲ್ಲ."

ದಬ್ಬಳ ಕೈಯಲ್ಲೇ ಉಳಿಯಿತು. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. "ಬಿಗಿಯಾಗಿ ಹೊಲಿ ಮತ್ತೆ, ಸುಮ್ನೆ ಕುಂತೀಯಲ್ಲ" ಎಂದು ಅವಳೇ ಗದರಿದ ಮೇಲೆ ಹೊಲಿಗೆ ಮುಗಿಸಿದೆ.

ಮಧ್ಯಾಹ್ನ ಮನೆಗೆ ಹೋದಾಗ ಹೆಂಡತಿ ಎಂದಿನಂತೆ ಗಂಜಿಯ ಬಟ್ಟಲು ಇಟ್ಟಳು. ನಾನು ಕೂರಲಿಲ್ಲ.

"ಗಂಟಲಲ್ಲ ಕಣೇ. ನಂಗೆ ಹೆದ್ರಿಕೆ. ಅಪ್ಪನಂಗೇ ಹೋಗ್ತೀನೇನೋ ಅಂತ" ಅಂದೆ.

ಅವಳು ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ಗೊತ್ತೈತ್ರೀ. ನೀವು ಹೇಳ್ಲಿ ಅಂತ ಸುಮ್ನಿದ್ದೆ. ಆ ಮನಸ್ಸಿನ ಡಾಕ್ಟರ ಹತ್ರ ನಾನೂ ಬರ್ತೀನಿ, ನಡೀರಿ."

ಆಮೇಲೆ ಇಬ್ಬರಿಗೂ ಮುದ್ದೆ ಬಡಿಸಿ ಎದುರಿಗೆ ಕೂತಳು. ನಾನು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟೆ. ಅಗಿಯಲಿಲ್ಲ. ಗಂಟು ಇದ್ದಲ್ಲೇ ಇತ್ತು, ತುತ್ತು ಅದರ ಹತ್ತಿರ ಹೋಗಿ ನಿಂತಿತು. ತಲೆ ಎತ್ತಿದರೆ ಅವಳೂ ತುತ್ತು ಬಾಯಲ್ಲಿಟ್ಟುಕೊಂಡು, ನುಂಗದೆ, ನನ್ನ ಗಂಟಲನ್ನೇ ನೋಡುತ್ತಿದ್ದಳು. ಇಷ್ಟು ದಿನವೂ ಹೀಗೇ ಕೂತಿದ್ದಳೋ ಏನೋ, ನಾನು ನೋಡಿರಲಿಲ್ಲ.

ನನ್ನ ತುತ್ತು ಇಳಿಯಿತು. ಆಮೇಲೆ ಅವಳದು.