ಸುಶ್ಮಿತಾ ಹೇಳಿದ ಎರಡನೆಯ ಸಾಕ್ಷಿ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸು ಕಣ್ಣೀರು ಹಾಕಿದರೆ ಯಾರೂ ಯಾಕೆಂದು ಕೇಳುವುದಿಲ್ಲ, ಘಾಟು ಅಂದುಕೊಳ್ಳುತ್ತಾರೆ. ಸುಶ್ಮಿತಾಳಿಗೆ ಅದು ಅನುಕೂಲವೇ ಆಗಿತ್ತು. ಗಂಡ ದುರ್ಗೇಶ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದವನು, ಮೈಮೇಲೆ ಚೀಲ ಬಿದ್ದು ಸೊಂಟ ಮುರಿದುಕೊಂಡು ಮನೆ ಹಿಡಿದು ಎರಡು ವರ್ಷವಾಗಿತ್ತು. ಅವಳ ದುಡಿಮೆಯಲ್ಲೇ ಒಲೆ ಉರಿಯಬೇಕು. ಮೊದಮೊದಲು ಗಟ್ಟಿಯಾಗಿದ್ದಳು. ಆಮೇಲೆ ನಿದ್ದೆ ಹೋಯಿತು, ಹಸಿವೆ ಹೋಯಿತು, ತಲೆ ಬಾಚಿಕೊಳ್ಳುವುದೂ ದೊಡ್ಡ ಕೆಲಸವಾಯಿತು. "ಕಷ್ಟ ಯಾರಿಗಿಲ್ಲ ಬಿಡವಾ" ಎಂದರು ಓಣಿಯವರು. ಪುಕ್ಕಟೆ ಬುದ್ಧಿಗೆ ನಮ್ಮ ಕಡೆ ಎಂದೂ ಬರಗಾಲ ಬಿದ್ದಿಲ್ಲ.

ಕೊನೆಗೆ ಆಶಾ ಕಾರ್ಯಕರ್ತೆ ಮಹೇಶ್ವರಿ ಅವಳನ್ನು ಹಾವೇರಿಗೆ ಕರೆದೊಯ್ದು ಮನಸ್ಸಿನ ಡಾಕ್ಟರಿಗೆ ತೋರಿಸಿದಳು. ಗುಳಿಗೆ ನುಂಗಿ ಎರಡು ತಿಂಗಳಿಗೆ ಅನ್ನ ಸ್ವಲ್ಪ ರುಚಿಸಿತು.

ಸುಶ್ಮಿತಾ ಹೋಗುತ್ತಿದ್ದ ಕ್ರೈಸ್ತ ಪ್ರಾರ್ಥನಾ ಮಂದಿರವೆಂದರೆ ಒಂದು ತಗಡಿನ ಶೆಡ್ಡು. ರವಿವಾರ ಅಲ್ಲಿ ಸಾಕ್ಷಿ ಹೇಳುವ ಪದ್ಧತಿ. ದೇವರು ಮಾಡಿದ ಉಪಕಾರವನ್ನು ಎದ್ದು ನಿಂತು ಹೇಳಬೇಕು, ಉಳಿದವರು 'ಸ್ತೋತ್ರ' ಅನ್ನಬೇಕು. ಅರ್ಧ ವಾಸಿಯಾದವರ ಸಾಕ್ಷಿಯನ್ನು ಅಲ್ಲಿ ಯಾರೂ ಕೇಳಿದ್ದಿಲ್ಲ. ಸುಶ್ಮಿತಾಳೂ ಎದ್ದವಳೇ "ಪೂರಾ ಆರಾಮ ಆಗೇತಿ" ಎಂದುಬಿಟ್ಟಳು. ತಗಡು ಹಾರಿಹೋಗುವಂತೆ ಸ್ತೋತ್ರ ಎಂದರು. ಎಡವಟ್ಟಾದದ್ದು ಅಲ್ಲೇ. ಮನೆಗೆ ಬಂದು ಗುಳಿಗೆ ಕೈಗೆತ್ತಿಕೊಂಡರೆ, ಇನ್ನು ಇದನ್ನು ನುಂಗಿದರೆ ದೇವರನ್ನೇ ಸುಳ್ಳುಗಾರನನ್ನಾಗಿ ಮಾಡಿದಂತೆ ಅನ್ನಿಸಿತು. ಡಾಕ್ಟರ ಚೀಟಿ ಸಮೇತ ಒಲೆಗೆ ಹಾಕಿದಳು.

ತಿಂಗಳೊಪ್ಪತ್ತಿನಲ್ಲಿ ಕತ್ತಲೆ ಮರಳಿ ಬಂತು. ಈ ಸಲ ನಾಚಿಕೆಯನ್ನೂ ಕರೆದುಕೊಂಡು ಬಂತು. ಮೂರು ದಿನ ಗೋಡೆಗೆ ಮುಖ ಮಾಡಿ ಮಲಗಿದಳು. ಸಾಯುವುದೇ ಲೇಸು ಅನ್ನಿಸಿತ್ತು. ಪ್ರಾರ್ಥನೆಗೆ ಮಾತು ಹೊರಡಲಿಲ್ಲ. "ಯೇಸಪ್ಪಾ, ಇದ್ದೀ ಏನು?" ಎಂದಷ್ಟೇ ಕೇಳುವಳು. ಉತ್ತರ ಬರಲಿಲ್ಲ, ಅವಳು ಕೇಳುವುದನ್ನೂ ಬಿಡಲಿಲ್ಲ. ಆ ಕಡೆ ಯಾರೂ ಇಲ್ಲದಿದ್ದರೆ ಇಷ್ಟು ಸಲ ಕೇಳುತ್ತಿದ್ದೆನೇ ಎಂದು ಮೂರನೆಯ ದಿನ ಹೊಳೆಯಿತು. ಎದೆಯ ಭಾರದ ಅಡಿಯಲ್ಲೇ ಎಲ್ಲೋ ತುಸು ಸಂತೋಷವಾಯಿತು. ಅವಳಿಗೇ ನಂಬಿಕೆ ಬರಲಿಲ್ಲ.

ದುರ್ಗೇಶ ಗೋಡೆ ಹಿಡಿದುಕೊಂಡು ಚಹಾ ತಂದ.

"ಗುಳಿಗಿ ಎಲ್ಲಿ ಅದಾವ?"

"ಒಲಿಗೆ ಹಾಕೇನಿ. ದೇವರ ಮಾತು ಸುಳ್ಳಾಗಬಾರದಂತ."

"ಸುಳ್ಳು ಹೇಳಿದಾಕಿ ನೀನು. ಅದನ್ನ ಅವನ ತಲಿಗ್ಯಾಕ ಕಟ್ಟತಿ?"

ಮಾತು ನೆಟ್ಟಗೆ ನಾಟಿತು. ಮಂಗಳವಾರ ಹಾವೇರಿಗೆ ಹೋಗಿ, ಡಾಕ್ಟರ ಕೈಯಲ್ಲಿ ಬೈಸಿಕೊಂಡು, ಗುಳಿಗೆ ತಂದಳು. ಆದರೆ ರವಿವಾರ ಇತ್ತಲ್ಲ. ಬಾಯಿ ಮುಚ್ಚಿಕೊಂಡು ಕೂತರೆ ಅದು ಇನ್ನೊಂದು ಸುಳ್ಳು. ಹೇಳಿದರೆ, ಇದ್ದೊಂದು ಆಸರೆಯೂ ಕೈಬಿಟ್ಟು ಹೋದೀತು. ಮಂದಿರದ ಚಾಪೆಯ ಮೇಲಿನ ಆ ಜಾಗ ಬಿಟ್ಟರೆ ಅವಳಿಗೆ ಬೇರೆ ಜಾಗವಿರಲಿಲ್ಲ.

ರವಿವಾರ ಸಾಕ್ಷಿಯ ಹೊತ್ತಿಗೆ ಎದ್ದು ನಿಂತಳು.

"ಅವತ್ತು ಸುಳ್ಳು ಹೇಳಿದ್ದೆ. ನನಗ ಆರಾಮ ಆಗಿಲ್ಲ, ಗುಳಿಗಿ ತಗೊಳ್ಳಾಕತ್ತೇನಿ. ಸಾಯಬೇಕು ಅನಿಸಿದಾಗೂ ದೇವರು ನನ್ನ ಬಿಟ್ಟು ಹೋಗಲಿಲ್ಲ. ನನಗ ಗೊತ್ತಿರೋದು ಇಷ್ಟ."

ಯಾರೂ ಸ್ತೋತ್ರ ಅನ್ನಲಿಲ್ಲ. ಪಾಸ್ಟರರು ಕೆಮ್ಮಿ, ಮುಂದಿನ ಹಾಡು ಹೇಳಿಸಿದರು. ಸುಶ್ಮಿತಾ ತಲೆ ತಗ್ಗಿಸಿ ಕೂತಳು. ಸಭೆ ಮುಗಿದ ಮೇಲೆ ಎಲ್ಲರೂ ಅವಳನ್ನು ಮಾತಾಡಿಸದೆ ಹೊರಟರು.

ಅವಳು ಚಪ್ಪಲಿ ಮೆಟ್ಟುವಾಗ ಪಾಸ್ಟರರ ಹೆಂಡತಿ ಪುಷ್ಪಲತಾ ಪಕ್ಕಕ್ಕೆ ಬಂದು ನಿಂತಳು. ಸಭೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡುವವಳು ಅವಳೇ. ಗಂಡ ಎಲ್ಲಿದ್ದಾನೆಂದು ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು:

"ಆ ಡಾಕ್ಟರು ಯಾವ ವಾರ ಇರ್ತಾರವಾ? ನನಗೂ ಎಂಟು ವರ್ಷದಿಂದ ಹಿಂಗ ಐತಿ."

ಸುಶ್ಮಿತಾ ಅವಳ ಮುಖ ನೋಡಿದಳು. ಅಲ್ಲಿ ತನ್ನದೇ ಕತ್ತಲೆ ಕಂಡಿತು. ಕಂಡು ಮರುಕವಾಯಿತು. ಅದರ ಜೊತೆಗೇ, ಹೇಳಲು ನಾಚಿಕೆಯಾಗುವಷ್ಟು ಸಂತೋಷವೂ ಆಯಿತು.

"ಮಂಗಳವಾರ ಇರ್ತಾರ್ರೀ ಅಕ್ಕಾರ," ಎಂದಳು. "ಕೂಡೇ ಹೋಗೂಣು."