ಕಾಂತಪ್ಪನ ಎರಡು ಕ್ಯಾಸೆಟ್

ಠಣ್, ಠಣ್, ಠಣ್. ಬೆಳಿಗ್ಗೆ ಐದಕ್ಕೆ ಕುವೈತಿನ ಆ ಮನೆಯಲ್ಲಿ ಕಬ್ಬಿಣದ ಸೌಟು ಅಲ್ಯೂಮಿನಿಯಂ ಪಾತ್ರೆಯ ಬೆನ್ನಿಗೆ ಬಡಿಯುತ್ತಿತ್ತು. ಬಡಿಯುವವನು ಅಡುಗೆಯ ಕಾಂತಪ್ಪ. ಏಳಬೇಕಾದವನು ಯಜಮಾನರ ಕಿರಿಮಗ ಫಹದ್.

"ಯಲ್ಲಾ, ಏಳು ಮಾರಾಯ. ರೊಟ್ಟಿ ಆರಿತು."

ಬೇರೆ ಯಾವ ಶಬ್ದಕ್ಕೂ ಫಹದ್ ಏಳುತ್ತಿರಲಿಲ್ಲ. ಎರಡು ಅಲಾರಾಂ ಗಡಿಯಾರಗಳನ್ನು ಅವನು ನಿದ್ದೆಯಲ್ಲೇ ಮುಗಿಸಿದ್ದ.

ಹೆಜಮಾಡಿಯ ತನ್ನ ಮನೆಯಲ್ಲಿ ಕಾಂತಪ್ಪ ಒಂದು ಲೋಟ ನೀರನ್ನೂ ತಾನಾಗಿ ಬಗ್ಗಿಸಿಕೊಂಡವನಲ್ಲ. ಕುವೈತಿಗೆ ಬಂದು ಅಡುಗೆ ಕಲಿತ. ಹೆಂಡತಿ ಉಮಾವತಿಗೆ ಮಾತ್ರ, ಪೇಟೆ ನಡುವಿನ ಶರ್ಕ್‌ನ ದೊಡ್ಡ ಆಫೀಸಿನಲ್ಲಿ ಫೈಲು ನೋಡುವ ಕೆಲಸ ಎಂದು ಬರೆದಿದ್ದ. ಎರಡು ವರ್ಷದಿಂದ ಆ ಸುಳ್ಳು ಬಿಸಿ ಪಾತ್ರೆಯಂತೆ ಅವನ ಕೈ ಸುಡುತ್ತಿತ್ತು.

ಆ ವರ್ಷ ಫಹದ್‌ಗೆ ಸೈನ್ಯದಿಂದ ಕರೆ ಬಂತು. ಪ್ರಾಯದ ಹುಡುಗರೆಲ್ಲ ಸೇವೆಗೆ ಹೋಗಲೇಬೇಕು ಎಂಬುದು ಕಾಯ್ದೆ. ಯಜಮಾನರು ಕಾಂತಪ್ಪನಿಗೆ ಹೇಳಿದರು, "ಅವನ ತರಬೇತಿ ಮುಗಿದ ಮರುದಿನ ನಿನಗೆ ರಜೆ. ಊರಿಗೆ ಹೋಗು." ಮನೆಯೊಡತಿ ಕಣ್ಣೊರೆಸಿಕೊಂಡು ಕೇಳಿದಳು, "ಅಲ್ಲಿ ಇವನನ್ನು ಎಬ್ಬಿಸುವವರು ಯಾರು?"

ಕಾಂತಪ್ಪನೇ ಉಪಾಯ ಹುಡುಕಿದ. ಸೌಟಿನ ಬಡಿತ, ಬೈಗುಳ ಎಲ್ಲವನ್ನೂ ಒಂದು ಕ್ಯಾಸೆಟ್ಟಿಗೆ ತುಂಬಿದ. ಟೇಪ್‌ರೆಕಾರ್ಡರ್ ಕೈಗೆ ಸಿಕ್ಕಿತ್ತು, ಧೈರ್ಯವೂ ಬಂದಿತ್ತು. ಬಾಗಿಲು ಹಾಕಿಕೊಂಡು ಉಮಾವತಿಗೆಂದು ಇನ್ನೊಂದು ಕ್ಯಾಸೆಟ್ಟಿಗೆ ಮೆಲ್ಲಗೆ ಮಾತಾಡಿದ. ಹಸು ಕರು ಹಾಕಿತಾ, ಮಾಡಿನ ಹಂಚು ಸರಿ ಮಾಡಿಸಿದೆಯಾ, ನೀನು ಮಲ್ಲಿಗೆ ಮುಡಿದು ಬಸ್‌ಸ್ಟ್ಯಾಂಡಿಗೆ ಬಂದದ್ದು ನನಗೆ ಈಗಲೂ ನೆನಪುಂಟು. ಕೊನೆಗೆ, "ಉಮಾ, ಎರಡು ವರ್ಷ ಒಂದು ವಿಷಯ ಮುಚ್ಚಿಟ್ಟಿದ್ದೆ. ನಾನು ಆಫೀಸಿನಲ್ಲಿ ಇಲ್ಲ. ನಾನು..." ಅಷ್ಟಕ್ಕೆ ಟೇಪು ಮುಗಿಯಿತು. ಉಳಿದದ್ದನ್ನು ಎದುರಿಗೇ ಹೇಳಿದರಾಯಿತು ಎಂದು ನಿಟ್ಟುಸಿರುಬಿಟ್ಟ.

ಮರುದಿನದ ಗಡಿಬಿಡಿಯಲ್ಲಿ ಒಂದು ಕ್ಯಾಸೆಟ್ ಫಹದ್‌ನ ಚೀಲ ಸೇರಿತು. ಇನ್ನೊಂದು ಊರಿಗೆ ಹೊರಟಿದ್ದ ಗೆಳೆಯ ಕಮಲಾಕ್ಷನ ಕೈ ಸೇರಿತು. ಎರಡೂ ಅದಲುಬದಲಾದದ್ದು ಯಾರಿಗೂ ತಿಳಿಯಲಿಲ್ಲ.

ತಿಂಗಳ ಮೇಲೆ ಉಮಾವತಿಯ ಕಾಗದ ಬಂತು.

"ಕ್ಯಾಸೆಟ್ ಸಿಕ್ಕಿತು. ಅತ್ತೆ ಹೆದರಿ ದೇವರ ಕೋಣೆಗೆ ಓಡಿದರು. ಮೊದಲನೇ ಪೆಟ್ಟಿಗೇ ಅದು ಸೌಟು ಅಂತ ನನಗೆ ಗೊತ್ತಾಯಿತು. ಆಫೀಸಿನಲ್ಲಿ ಸೌಟು ಇರುವುದಿಲ್ಲ ಅಲ್ವಾ? ನನಗೇನೂ ಬೇಸರ ಇಲ್ಲ. ಆದರೆ ನೀವು ಬರುವ ದಿನ ನಾನು ಒಲೆ ಹಚ್ಚುವುದಿಲ್ಲ. ಹನ್ನೆರಡು ಜನರನ್ನು ಊಟಕ್ಕೆ ಕರೆದಿದ್ದೇನೆ."

ಕಾಂತಪ್ಪ ಅಡುಗೆಮನೆಯ ನೆಲದ ಮೇಲೆ ಕುಳಿತು ಕಾಗದವನ್ನು ಮೂರು ಸಲ ಓದಿದ. ಒಲೆಯ ಮೇಲೆ ಅನ್ನ ಸೀದುಹೋಯಿತು.

ತರಬೇತಿ ಮುಗಿದ ಮರುದಿನ ಫಹದ್ ಮನೆಗೆ ಬಂದಾಗ ಕಾಂತಪ್ಪನ ಪೆಟ್ಟಿಗೆ ಬಾಗಿಲ ಬಳಿ ಇತ್ತು. ಹೊರಗೆ ಟ್ಯಾಕ್ಸಿ ಕಾಯುತ್ತಿತ್ತು. ಇಬ್ಬರೂ ಅರಬ್ಬಿ, ಹಿಂದಿ ಬೆರೆಸಿ ಮಾತಾಡುವವರು.

"ನಿನ್ನ ಕ್ಯಾಸೆಟ್‌ನಿಂದ ಇಡೀ ಕೋಣೆಯೇ ಬೇಗ ಏಳುತ್ತಿತ್ತು, ಕಾಂತಪ್ಪ."

"ಸೌಟಿನ ಶಬ್ದಕ್ಕಾ?" ಗೊತ್ತಿದ್ದೂ ಕೇಳಿದ ಕಾಂತಪ್ಪ.

"ಯಾವ ಸೌಟು? ಕ್ಯಾಂಪಿನ ಅಡುಗೆಯವ ಉಮರ್ ನಿಮ್ಮ ಊರಿನ ಕಡೆಯವ. ದಿನಾ ಬೆಳಿಗ್ಗೆ ಸ್ವಲ್ಪ ಸ್ವಲ್ಪ ಕೇಳಿ ನಮಗೆ ಅರ್ಥ ಹೇಳುತ್ತಿದ್ದ. ಮುಂದೇನು ಅಂತ ಕೇಳಲಿಕ್ಕೆ ನಲವತ್ತು ಜನ ನಾಲ್ಕೂವರೆಗೇ ಎದ್ದು ಕೂರುತ್ತಿದ್ದರು."

ಕಾಂತಪ್ಪನ ಕಿವಿ ಬಿಸಿಯಾಯಿತು. "ಮಲ್ಲಿಗೆಯದ್ದೂ ಹೇಳಿದನಾ?"

"ಅದನ್ನು ಎರಡು ಸಲ ಹಾಕಿಸಿದರು. ಹಸು ಕರು ಹಾಕಿತಾ ಅಂತ ಸಾರ್ಜೆಂಟ್ ಈಗಲೂ ಕೇಳುತ್ತಾರೆ. ಆದರೆ ಕೊನೆಯಲ್ಲಿ ನಿಲ್ಲಿಸಿಬಿಟ್ಟೆಯಲ್ಲ. ನೀನು ಅಡುಗೆಯವ, ಅಷ್ಟೇ ವಿಷಯ ಅಂತ ನಾನು ಹೇಳಿದೆ. ಅಷ್ಟಕ್ಕೆ ಯಾರಾದರೂ ಎರಡು ವರ್ಷ ಹೆದರುತ್ತಾರಾ ಅಂತ ನಕ್ಕರು."

"ಅವರಿಗೆ ಮದುವೆಯಾಗಿಲ್ಲ," ಎಂದ ಕಾಂತಪ್ಪ.

"ಸರಿ, ಅವಳಿಗೆ ಗೊತ್ತಾಯಿತಾ? ಏನೆಂದಳು? ನಾಳೆ ಸೇವೆಗೆ ಮರಳಿ ಹೇಳದಿದ್ದರೆ ಆ ನಲವತ್ತು ಜನ ನನ್ನನ್ನು ಬಿಡುವುದಿಲ್ಲ, ಕಾಂತಪ್ಪ. ಅಳುತ್ತಾಳಾ, ಬೈಯುತ್ತಾಳಾ, ಅಥವಾ..."

ಹನ್ನೆರಡು ಜನರಿಗೆ ಎಷ್ಟು ತೆಂಗಿನಕಾಯಿ ಬೇಕು ಎಂದು ಬೆರಳು ಮಡಚುತ್ತ, ಕಾಂತಪ್ಪ ಪೆಟ್ಟಿಗೆ ಎತ್ತಿಕೊಂಡು ಟ್ಯಾಕ್ಸಿಯ ಕಡೆಗೆ ನಡೆದ.