ಅರ್ಥ ಕೇಳದ ಸುತ್ತು

ಆ ಮಂಗಳವಾರ ಬೆಳಗ್ಗೆಯೂ ನಾವಿಬ್ಬರು ಎಂದಿನಂತೆ ಕೆರೆಗೆ ಮೂರು ಸುತ್ತು ಬಂದೆವು. ನ್ಯೂಯಾರ್ಕಿನ ಹತ್ತಿರದ ಎಡಿಸನ್ನಿನಲ್ಲಿ ನನ್ನ ಮಗಳ ಮನೆಯ ಹಿಂದಿರುವ ಸಣ್ಣ ಕೆರೆ ಅದು. ನನ್ನ ಜೊತೆ ನಡೆಯುತ್ತಿದ್ದವರು ಪಕ್ಕದ ಮನೆಯ ಗೆಳತಿ, ಕೆನಡಾದವರು, ನನಗಿಂತ ದೊಡ್ಡವರು. ಹುಲ್ಲಿನ ಮೇಲೆ ಕಿರುಚಾಡುವ ಕೆನಡಾ ಬಾತುಗಳನ್ನು ಕಂಡರೆ ‘ನಮ್ಮೂರಿನವರು, ಗಲಾಟೆ ಸ್ವಲ್ಪ ಜಾಸ್ತಿ’ ಎನ್ನುತ್ತಿದ್ದರು.

ನಮ್ಮ ನಡಿಗೆಗೆ ಒಂದು ಕ್ರಮವಿತ್ತು. ಮೊದಲ ಸುತ್ತಿನಲ್ಲಿ ಅವರು ಫ್ರೆಂಚಿನಲ್ಲಿ ಮಾತಾಡಬೇಕು, ನಾನು ಕೇಳಬೇಕು. ಎರಡನೆಯದರಲ್ಲಿ ನಾನು ಕನ್ನಡದಲ್ಲಿ. ಅರ್ಥ ಕೇಳುವ ಹಾಗಿಲ್ಲ. ಮೂರನೆಯ ಸುತ್ತು ಇಂಗ್ಲಿಷಿನಲ್ಲಿ, ಅವರದು ಸಲೀಸು, ನನ್ನದು ಹರಕುಮುರುಕು. ಗಂಡ ತೀರಿಕೊಂಡ ಮೇಲೆ ಅವರು ಒಬ್ಬರೇ ಇದ್ದರು. ಆ ಮನೆಯಲ್ಲಿ ಫ್ರೆಂಚ್ ಕೇಳುವವರು ಮೊದಲೂ ಇರಲಿಲ್ಲ. ನಮ್ಮ ಮನೆಯಲ್ಲೂ, ನಾನು ಕನ್ನಡದಲ್ಲಿ ಏನು ಕೇಳಿದರೂ ಮೊಮ್ಮಗಳು ಇಂಗ್ಲಿಷಿನಲ್ಲೇ ಉತ್ತರಿಸುತ್ತಾಳೆ. ನಾನು ಹಲಸಿನ ಹಪ್ಪಳದ ಬಗ್ಗೆ ಒಂದು ಸುತ್ತು ಪೂರ್ತಿ ಹೇಳಿದರೆ, ‘ಇವತ್ತು ಅಳಿಯನನ್ನು ಬೈದದ್ದು ತಾನೆ?’ ಎಂದು ಅವರು ನಗುತ್ತಿದ್ದರು.

ಅವರದು ಇಂಗ್ಲಿಷಿನವರೇ ಹೆಚ್ಚಿರುವ ಪ್ರಾಂತದೊಳಗಿನ ಒಂದು ಫ್ರೆಂಚ್ ಊರು. ಅಂಗಡಿಯಲ್ಲಿ ಎದುರಿಗಿರುವವರೂ ಫ್ರೆಂಚಿನವರೇ ಎಂದು ಗೊತ್ತಿದ್ದರೂ ಮೊದಲ ಮಾತು ಇಂಗ್ಲಿಷಿನಲ್ಲಿ. ಭಾಷೆ ಯಾವುದೆಂದು ಯಾರಾದರೂ ಕೇಳಿದರೆ ಇಂಗ್ಲಿಷ್ ಎಂದುಬಿಡುವುದು. ಅದನ್ನು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿದವಳು. ಕಚೇರಿಗೆ ಹೋದರೆ ನಾವೂ ಮಲಯಾಳದಲ್ಲೇ ಬಾಯಿ ತೆರೆಯುತ್ತಿದ್ದೆವು.

ಆ ದಿನ ಮೂರನೆಯ ಸುತ್ತಿನಲ್ಲಿ ಅವರ ತಮ್ಮನ ವಿಷಯ ಬಂತು. ಆತ ಪ್ರಾಂತ ಸರ್ಕಾರದಲ್ಲಿ ಕೆಲಸಮಾಡಿ ನಿವೃತ್ತರಾದವರು. ಊರಿನ ಫ್ರೆಂಚ್ ಆಸ್ಪತ್ರೆಯನ್ನು ದೊಡ್ಡ ಇಂಗ್ಲಿಷ್ ಆಸ್ಪತ್ರೆಗೆ ಸೇರಿಸಲು ಪ್ರಾಂತ ಹೊರಟಿತ್ತು. ಕೇಂದ್ರ ಇದನ್ನು ತಡೆಯಬೇಕು ಎನ್ನುವುದು ಅಕ್ಕನ ವಾದ. ಆಸ್ಪತ್ರೆ ಪ್ರಾಂತದ ಅಧಿಕಾರ, ಇವತ್ತು ನಮಗೆ ಬೇಕೆಂದು ಕೇಂದ್ರವನ್ನು ಒಳಗೆ ಕರೆದರೆ ನಾಳೆ ಬೇಡವೆಂದರೂ ಬರುತ್ತದೆ ಎನ್ನುವುದು ತಮ್ಮನ ವಾದ. ಫೋನಿನಲ್ಲಿ ಜಗಳವಾಗಿ ಮಾತು ನಿಂತುಹೋಗಿತ್ತು.

ಇಬ್ಬರು ಹೇಳುವುದೂ ಸರಿ ಎಂದೆ. ದಿಲ್ಲಿ ಹಿಂದಿ ಎಂದಾಗ ನಮಗೆ ರಾಜ್ಯ ಗಟ್ಟಿಯಾಗಿರಬೇಕು. ಅದೇ ರಾಜ್ಯ ನಮ್ಮ ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರನ್ನು ಕಳಿಸಿದಾಗ ನಾವು ದಿಲ್ಲಿಯ ಕಡೆ ನೋಡುತ್ತೇವೆ.

‘ಹಾಗಾದರೆ ನೀನು ಯಾರ ಕಡೆ, ಅದನ್ನು ಹೇಳು,’ ಎಂದು ಅವರು ದಾರಿಗೆ ಅಡ್ಡ ನಿಂತರು. ಮೊದಲು ನೀವಿಬ್ಬರು ಮಾತಾಡಿ ಎಂದೆ. ನಾಳೆ ತಮ್ಮನಿಗೆ ತಾವೇ ಫೋನ್ ಮಾಡುವುದಾಗಿ ಹೇಳಿ ಮನೆಗೆ ಹೋದರು.

ಮರುದಿನ ನಡಿಗೆಗೆ ಕರೆಯಲು ಹೋದರೆ ಅವರು ಬಾಗಿಲಿಗೆ ಬರಲಿಲ್ಲ. ನನ್ನ ಹತ್ತಿರವಿದ್ದ ಕೀಲಿಯಿಂದ ತೆಗೆದು ನೋಡಿದರೆ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದರು. ಸ್ಟ್ರೋಕ್. ಆಂಬುಲೆನ್ಸಿನಲ್ಲಿ ನಾನೂ ಹೋದೆ. ಮಗಳು ನ್ಯೂಯಾರ್ಕಿನ ಆಫೀಸಿನಿಂದ ಟ್ರೇನ್ ಹಿಡಿದು ಬರುವಷ್ಟರಲ್ಲಿ ಗೆಳತಿ ಕಣ್ಣು ತೆರೆದು, ನನ್ನ ಕೈ ಹಿಡಿದು, ಒಂದೇ ಸಮನೆ ಮಾತಾಡುತ್ತಿದ್ದರು. ಇಂಗ್ಲಿಷಿನ ಒಂದು ಪದವೂ ಇರಲಿಲ್ಲ. ನಾನು ಏನೂ ಮಾಡಲು ತೋಚದೆ ತಲೆಯಾಡಿಸುತ್ತಿದ್ದೆ.

ಮಗಳು ಡಾಕ್ಟರ ಹತ್ತಿರ ಮಾತಾಡಿ ಬಂದಳು. ‘ಅಮ್ಮ, ಅವರು ಕನ್‌ಫ್ಯೂಸ್ ಆಗಿದಾರಂತೆ. ಆಂಟಿ ಸುಮ್ನೆ ಏನೇನೋ ಹೇಳ್ತಿದಾರೆ.’

‘ಅಲ್ಲ ಮಗಾ. ಅದು ಭಾಷೆ. ಅವರದ್ದೇ ಭಾಷೆ.’

ಮಾತು ತೊದಲುತ್ತಿದ್ದರೂ ಆ ಏರಿಳಿತ ನನಗೆ ಗೊತ್ತಿತ್ತು. ದಿನಾ ಮೊದಲ ಸುತ್ತಿನಲ್ಲಿ ಕೇಳಿದ್ದೇ ಅದು. ಆದರೆ ಆಸ್ಪತ್ರೆಯವರ ದಾಖಲೆಯಲ್ಲಿ ಅವರ ಭಾಷೆ ಇಂಗ್ಲಿಷ್ ಎಂದಿತ್ತು. ಎಂದೋ ಯಾರೋ ಕೇಳಿದಾಗ, ಊರಿನ ರೂಢಿಯಂತೆ, ಅವರೇ ಹೇಳಿದ್ದಿರಬೇಕು. ಮಗಳು ವಿಷಯ ತಿಳಿಸಿದ ಕೂಡಲೇ ನರ್ಸ್ ಓಡಿಹೋಗಿ, ಪರದೆಯಲ್ಲಿ ದುಭಾಷಿ ಕಾಣುವ ಒಂದು ಸ್ಟ್ಯಾಂಡನ್ನು ತಳ್ಳಿಕೊಂಡು ಬಂದಳು. ಅಷ್ಟರಲ್ಲಿ ನನ್ನ ಕೈ ಹಿಡಿದಿದ್ದ ಬೆರಳುಗಳು ಸಡಿಲವಾಗಿದ್ದವು. ಪರದೆಯ ಹೆಂಗಸು ಮೆತ್ತಗೆ ಫ್ರೆಂಚಿನಲ್ಲಿ ಕರೆದಳು. ಮತ್ತೆ ಕರೆದಳು. ಸಂಜೆಯೊಳಗೆ ಎಲ್ಲ ಮುಗಿಯಿತು.

ಅಷ್ಟು ವರ್ಷ ಕೇಳಿದ್ದೆ. ಒಂದು ವಾಕ್ಯವೂ ನನ್ನದಾಗಿರಲಿಲ್ಲ ಎಂಬುದು ಆ ಕೋಣೆಯಲ್ಲಿ ಮೊದಲ ಸಲ ತಿಳಿಯಿತು.

ಮೂರನೆಯ ದಿನ ಅವರ ತಮ್ಮ ಕೆನಡಾದಿಂದ ಕಾರ್ ಡ್ರೈವ್ ಮಾಡಿಕೊಂಡು ಬಂದರು. ಉದ್ದನೆಯ, ಬಾಗಿದ ಮನುಷ್ಯ. ಕೆರೆ ನೋಡಬೇಕೆಂದರು, ಕರೆದುಕೊಂಡು ಹೋದೆ. ನಮ್ಮ ಸುತ್ತುಗಳ ಕ್ರಮ ಹೇಳಿದೆ. ಅವರು ಪ್ರಾಂತದ ಸುದ್ದಿಯೂ ಎತ್ತಲಿಲ್ಲ, ಆಸ್ಪತ್ರೆಯ ಸುದ್ದಿಯೂ ಎತ್ತಲಿಲ್ಲ. ಬೆಂಚಿನ ಹತ್ತಿರ ಬಂದಾಗ ಇಂಗ್ಲಿಷಿನಲ್ಲಿ ಕೇಳಿದರು: ‘ಅಕ್ಕ ಕೊನೆಗೆ ನನ್ನ ಬಗ್ಗೆ ಏನಾದರೂ ಹೇಳಿದಳೇ?’

ಹೇಳಿದರು ಎಂದೆ. ಹಾಸಿಗೆಯಲ್ಲಿ ಆಡಿದ ಅಷ್ಟು ಮಾತಿನ ನಡುವೆ ತಮ್ಮನ ಹೆಸರು ಮತ್ತೆ ಮತ್ತೆ ಬಂದಿತ್ತು. ನನಗೆ ಗುರುತು ಸಿಕ್ಕಿದ್ದು ಅದೊಂದೇ. ಆ ಹೆಸರಿನ ಹಿಂದೆ ಮುಂದೆ ಅವರು ಏನು ಹೇಳಿದರೋ, ಅದು ಸಿಕ್ಕಿಲ್ಲ.